ಹುಣಸೆಹುಳಿ ಹಾಕಿ ತಿಕ್ಕಿದ ತಗಡು

ಹೊಳೆಯ ನಡುವೆ ಒಂದು ಬಂಡೆ. ಹಗಲು ಕಾಣುತ್ತದೆ, ಮುಸ್ಸಂಜೆಗೆ ನೀರಿನ ಬಣ್ಣವೇ ಆಗಿಬಿಡುತ್ತದೆ. ಅದಕ್ಕೇ ದಡದ ಆಶ್ರಮದಲ್ಲಿ ತಮ್ಮಯ್ಯ ಗುರುಗಳು ದಿನಾ ಸುಣ್ಣದ ದೀಪ ಹಚ್ಚುತ್ತಿದ್ದರು. ಕಡೆಯ ದೋಣಿ ಆ ಬೆಳಕು ನೋಡಿಕೊಂಡೇ ಬಂಡೆ ಬಳಸಿ ಬರಬೇಕು.

ದೀಪಕ್ಕೆ ಎಣ್ಣೆಯಿಲ್ಲ. ನಿಕಲ್, ಕಬ್ಬಿಣ ಕೂಡಿಸಿ ಎರಕ ಹೊಯ್ದ ತಗಡುಗಳು ಬೂದಿನೀರಲ್ಲಿ ಮುಳುಗಿರುತ್ತವೆ. ಬಿಸಿಲಿನ ಕರೆಂಟು ಹರಿದರೆ ನೀರು ಒಡೆದು ಜಲಜನಕ ಒಂದು ಜಾಡಿಗೆ, ಆಮ್ಲಜನಕ ಇನ್ನೊಂದಕ್ಕೆ. ಸಂಜೆ ಎರಡನ್ನೂ ಕೊಳವೆಯ ತುದಿಯಲ್ಲಿ ಸೇರಿಸಿ ಉರಿಸಿದರೆ, ಆ ಉರಿಗೆ ಸುಣ್ಣದ ಗಟ್ಟಿ ಬೆಳ್ಳಗೆ ಬೆಳಗುತ್ತದೆ.

ಅವತ್ತು ಮಧ್ಯಾಹ್ನ ದಾಟಿದರೂ ಜಾಡಿಗಳು ಕಾಲುಭಾಗವೂ ತುಂಬಿರಲಿಲ್ಲ. ಶಿಷ್ಯ ಐತಪ್ಪ ಜಾಡಿಯನ್ನೊಮ್ಮೆ, ಹೊಳೆಯನ್ನೊಮ್ಮೆ ನೋಡತೊಡಗಿದ. ಗೇರುಬೀಜ ಸುಲಿದು ಅವನನ್ನು ಸಾಕಿದ ತಾಯಿ ಆ ದೋಣಿಯಲ್ಲೇ ಬರುವವಳಿದ್ದಳು.

"ಏನು ಮಾಡಿದ್ಯೋ?"

"ಏನಿಲ್ಲ ಗುರುಗಳೇ. ಅಮ್ಮ ಬರ್ತಾಳಲ್ಲ ಅಂತ ಎಲ್ಲ ತೊಳೆದೆ."

"ಎಲ್ಲ ಅಂದ್ರೆ?"

"ತಗಡೂ. ಕಪ್ಪು ಹಿಡಿದಿತ್ತು. ಹುಣಸೆಹುಳಿ ಹಾಕಿ ತಿಕ್ಕಿದೆ. ಈಗ ಮುಖ ಕಾಣ್ತದೆ."

"ಮುಖ ಕಾಣ್ತದೆ. ಗುಳ್ಳೆ ಕಾಣ್ತದಾ?"

ಐತಪ್ಪ ಬೂದಿನೀರಿನ ತೊಟ್ಟಿಗೆ ಬಗ್ಗಿ ನೋಡಿದ.

"ನೀರು ಒಡೀತಿದ್ದದ್ದು ಆ ಕಪ್ಪೇ ಮಾರಾಯ. ಹಳೇ ಬೂದಿನೀರು ಎಲ್ಲಿ?"

"ಕೆಂಪಗಾಗಿತ್ತು. ಚೆಲ್ಲಿ ಹೊಸದು ಹಾಕಿದೆ."

ಗುರುಗಳು ಬಯ್ಯಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ದೋಣಿಯ ಹಳೇ ಸರಪಳಿ ಎಳೆದರು. ಅದರ ತುಕ್ಕು ಕೆರೆದು ತೊಟ್ಟಿಗೆ ಉದುರಿಸಿ ಕದಡಿದರು.

"ಈ ಕೆಂಪೇ ತಗಡಿಗೆ ಹತ್ತಿ ಮತ್ತೆ ಕಪ್ಪಾಗಬೇಕು. ಇನ್ನು ಮುಟ್ಟಬೇಡ."

ಒಂದು ಗುಳ್ಳೆ. ಆಮೇಲೆ ನಾಲ್ಕು. ತಗಡು ಕಪ್ಪಾಯಿತೋ ಇಲ್ಲವೋ ಎತ್ತಿ ನೋಡಲು ಐತಪ್ಪ ಕೈ ಚಾಚಿದ. ಗುರುಗಳು ಪಟ್ಟನೆ ಹೊಡೆದರು.

"ಬೇಯೋ ಅನ್ನದ ಮುಚ್ಚಳ ಎಷ್ಟು ಸಲ ತೆಗೀತಿ?"

ಹೊತ್ತು ಇಳಿಯಿತು. ಜಾಡಿಗಳು ಅರ್ಧಕ್ಕೆ ಬರುವಷ್ಟರಲ್ಲಿ ಬಿಸಿಲು ಮುಗಿಯಿತು.

ಹೊಳೆಯ ಕಡೆಯಿಂದ ಅಂಬಿಗನ ಕೂಗು ಬಂತು. "ಓ... ದೀಪಾ..."

"ಹಚ್ಚಿ ಗುರುಗಳೇ!"

"ತಡಿ. ಇರೋದು ಒಂದು ತಿರುವಿಗೆ ಸಾಕಾಗುವಷ್ಟು."

ಇನ್ನೊಂದು ಕೂಗು. ಈ ಸಲ ಹತ್ತಿರ, ಈ ಸಲ ಗಾಬರಿ.

"ಅಮ್ಮ ಇದ್ದಾಳೆ ಅದರಲ್ಲಿ!"

"ಗೊತ್ತು."

ಗುರುಗಳು ಕಣ್ಣು ಮುಚ್ಚಿ ಹುಟ್ಟಿನ ಸದ್ದನ್ನೇ ಆಲಿಸುತ್ತಿದ್ದರು. ಹುಟ್ಟಿನ ಸದ್ದಿನ ಜೊತೆಗೆ, ಬಂಡೆಗೆ ನೀರು ಬಡಿಯುವ ಸದ್ದೂ ಸೇರಿತು.

ಆಗ ಕಡ್ಡಿ ಗೀರಿದರು.

ಸುಣ್ಣ ಬೆಳ್ಳಗೆ ಹೊತ್ತಿತು. ಬಂಡೆ ಎದ್ದು ಕಂಡಿತು, ಅದರಿಂದ ಮಾರು ದೂರದಲ್ಲಿ ದೋಣಿಯ ಮೂತಿ. ದೋಣಿ ವಾಲಿತು, ತಿರುಗಿತು. ಉರಿ ಎರಡು ಸಲ ಬಿಕ್ಕಿ ಆರಿಹೋಯಿತು.

ಕತ್ತಲಲ್ಲಿ, ದೋಣಿಯ ಹೊಟ್ಟೆ ಮರಳಿಗೆ ಉಜ್ಜಿದ ಸದ್ದು.

ಗುರುಗಳು ಲಾಂದ್ರ ಹಿಡಿದು ಬಂದರು. ತಾಯಿ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಗೇರುಬೀಜದ ಸೊನೆ ಕುಡಿದು ಕುಡಿದು ಅಂಗೈಗಳು ಕಪ್ಪಗೆ ಬಿರಿದಿದ್ದವು. ಐತಪ್ಪ ಆ ಕೈಗಳನ್ನು ಬಿಡದೆ ಅಳುತ್ತಿದ್ದ.

ಗುರುಗಳು ಲಾಂದ್ರವನ್ನು ಆ ಕೈಗಳ ಹತ್ತಿರ ತಂದರು.

"ಹುಣಸೆಹುಳಿ ಮಿಕ್ಕಿದೆಯೇನೋ? ಈ ಕಪ್ಪನ್ನೂ ತಿಕ್ಕಿಬಿಡು."