ರಕ್ತನಾಳಗಳ ಗಂಟು

"ಗುರುಗಳೇ, ಕೈ ಚೆನ್ನಾಗಿ ನುರಿತ ಮೇಲೆ ಮನುಷ್ಯನಿಗೆ ಭಯ ಹೋಗುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಸೀರೆ ನೇಯುವ ಹೆಣ್ಣುಮಗಳೊಬ್ಬಳಿದ್ದಳು. ಬೆಳಗ್ಗೆ ಏಳುತ್ತಲೇ ಅವಳಿಗೆ ತಲೆನೋವು, ವಾಂತಿ. ನಡೆದರೆ ಒಂದು ಪಕ್ಕಕ್ಕೆ ವಾಲುತ್ತಿದ್ದಳು. ಕಡಿದ ಎಳೆ ಹಿಡಿಯಲು ಹೋದರೆ ಬೆರಳು ತಪ್ಪುತ್ತಿತ್ತು. ನಿಶ್ಶಕ್ತಿ ಎಂದು ಮನೆಯವರು ಟಾನಿಕ್ ಕುಡಿಸಿದರು. ಕಾಯಿಲೆ ಹೆಚ್ಚಿತು. ಪಟ್ಟಣದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಮಿದುಳಿನ ಹಿಂಭಾಗದಲ್ಲಿ ಗಡ್ಡೆ ಕಂಡಿತು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸೋಣ ಎಂದರು ವೈದ್ಯರು.

ಒಬ್ಬ ಶಸ್ತ್ರವೈದ್ಯೆ ಮಾತ್ರ ಒಪ್ಪಲಿಲ್ಲ. ಆಕೆ ರೋಗಿಯ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದಳು. ಕಣ್ಣಿನ ಹಿಂಪದರದಲ್ಲಿ ರಕ್ತನಾಳಗಳು ಸೇರಿ ಸಣ್ಣ ಕೆಂಪು ಗಂಟಾಗಿದ್ದವು. ಅಪರೂಪಕ್ಕೆ ಕೆಲವರಿಗೆ ಕಣ್ಣಿನಲ್ಲೂ ಮಿದುಳಿನಲ್ಲೂ ಇಂಥ ಗಂಟು ಬೆಳೆಯುತ್ತದೆ ಎಂಬುದು ಆಕೆಗೆ ಗೊತ್ತಿತ್ತು.

"ಇದು ರಕ್ತನಾಳಗಳದೇ ಗಡ್ಡೆ. ಸೂಜಿ ಚುಚ್ಚಿದರೆ ರಕ್ತ ನಿಲ್ಲುವುದಿಲ್ಲ. ತೆಗೆದರೆ ಇಡಿಯಾಗಿಯೇ ತೆಗೆಯಬೇಕು" ಎಂದಳು.

"ನಾನು ಉಳಿಯುತ್ತೇನಾ, ಡಾಕ್ಟರಮ್ಮ?" ಎಂದು ಆ ಹೆಣ್ಣುಮಗಳು ಕೇಳಿದಳು.

"ಮಾತು ಕೊಡಲಾರೆನಮ್ಮ. ಹಾಗೇ ಬಿಟ್ಟರಂತೂ ಉಳಿಯುವುದಿಲ್ಲ."

"ಹಾಗಾದರೆ ತೆಗೆದುಬಿಡಿ."

ತಲೆ ತೆರೆದಾಗ ಗಡ್ಡೆ ಮಿಡಿಯುತ್ತಿತ್ತು. ವೈದ್ಯೆ ಅದನ್ನು ಸೀಳಲಿಲ್ಲ. ಸುತ್ತಲೂ ಬಿಡಿಸುತ್ತ, ಅದಕ್ಕೆ ರಕ್ತ ತರುವ ನಾಳಗಳನ್ನು ಒಂದೊಂದಾಗಿ ಮುಚ್ಚಿದಳು. ರಕ್ತ ಹೊರಗೊಯ್ಯುವ ನಾಳವನ್ನು ಕೊನೆಗೇ ಕತ್ತರಿಸಬೇಕು. ಮೊದಲೇ ಕತ್ತರಿಸಿದರೆ ಗಡ್ಡೆ ಉಬ್ಬಿ ಒಡೆಯುತ್ತದೆ, ರೋಗಿ ಅಲ್ಲೇ ಸಾಯುತ್ತಾಳೆ. ತಳದಲ್ಲಿ ದಪ್ಪ ನಾಳವೊಂದು ಸಿಕ್ಕಿತು. ಅದೂ ರಕ್ತ ತರುವ ನಾಳವೇ ಎಂದರು ಜೊತೆಯವರು. ಆಕೆಗೂ ಹಾಗೇ ಕಂಡಿತು. ಕತ್ತರಿಯನ್ನು ನಾಳದ ಹತ್ತಿರ ಒಯ್ದಳು. ಮತ್ತೆ ಕೆಳಗಿಟ್ಟಳು. ಸಣ್ಣ ಕ್ಲಿಪ್ಪಿನಿಂದ ನಾಳವನ್ನು ಅದುಮಿ ಕಾದಳು.

ಗಡ್ಡೆ ಉಬ್ಬತೊಡಗಿತು. ಕೂಡಲೇ ಕ್ಲಿಪ್ ತೆಗೆದಳು; ಗಡ್ಡೆ ಇಳಿಯಿತು. ಅದು ರಕ್ತ ಹೊರಗೊಯ್ಯುವ ನಾಳವಾಗಿತ್ತು. ರಕ್ತ ತರುವ ನಾಳ ಅದರ ಹಿಂದೆ ಮರೆಯಾಗಿತ್ತು. ಅದನ್ನು ಹುಡುಕಿ ಮುಚ್ಚಿದ ಮೇಲೆ ಗಡ್ಡೆ ಬಣ್ಣಗೆಟ್ಟು ಕುಗ್ಗಿತು. ಆಮೇಲೆ ದಪ್ಪ ನಾಳ ಕತ್ತರಿಸಿ ಗಡ್ಡೆಯನ್ನು ಇಡಿಯಾಗಿ ಹೊರತೆಗೆದಳು. ಕೆಲವು ತಿಂಗಳಾದ ಮೇಲೆ ಆ ಹೆಣ್ಣುಮಗಳು ಮತ್ತೆ ಮಗ್ಗಕ್ಕೆ ಕೂತಳು.

ಶಿಷ್ಯ ಬೆರಗಾಗಿ ಹೇಳಿದ: "ಎಂಥ ಕೈ, ಗುರುಗಳೇ! ಆಕೆಗೆ ಭಯವೆಂಬುದೇ ಇರಲಿಲ್ಲ."

ಗುರುಗಳು ಕೇಳಿದರು: "ಮತ್ತೆ ಕತ್ತರಿಯನ್ನು ಕೆಳಗಿಟ್ಟದ್ದೇಕೆ?"