ಹೆರೆದ ಕೊಂಬು

ಮಲ್ಲಿಗನೆಂಬ ಎತ್ತಿಗೆ ಹುಟ್ಟಿನಿಂದಲೇ ನೀಳವಾದ, ನುಣುಪಾದ ಕೊಂಬು. ತೊಟ್ಟಿಯ ನೀರಲ್ಲಿ ಅದರ ಚೆಂದ ನೋಡಿಕೊಳ್ಳದೆ ಅವನು ಒಂದು ದಿನವೂ ನೀರು ಕುಡಿದವನಲ್ಲ. ಅವನ ಜೊತೆ ನೊಗ ಹೊರುವ ಕೆಂದನ ಕೊಂಬೋ, ಒರಟು, ಉದ್ದಕ್ಕೂ ಗಂಟು. ಎತ್ತು ಅಂದವಾಗಿ ಕಾಣಲೆಂದು ಕೊಂಬನ್ನು ಕತ್ತಿಯಿಂದ ಹೆರೆಸಿ ನುಣುಪು ಮಾಡಿಸುವುದು ಆ ಊರಿನ ವಾಡಿಕೆ. ಒಂದು ದಿನ ಹೆರೆಯುವವನು ಬಂದು, ಕೆಂದನನ್ನು ಹಗ್ಗ ಹಾಕಿ ಕೆಡವಿ, ಕೊಂಬು ಹೆರೆದು ಎಣ್ಣೆ ಹಚ್ಚಿದ. ಕೆಂದ ಎದ್ದು ನಿಂತಾಗ ಕೊಟ್ಟಿಗೆಯೇ ತಿರುಗಿ ನೋಡಿತು.

ಮಲ್ಲಿಗನ ಹೊಟ್ಟೆ ಉರಿದುಹೋಯಿತು. "ಥೂ, ನಾಚಿಕೆಯಾಗಬೇಕು ನಿನಗೆ! ದೇವರು ಕೊಟ್ಟ ಕೊಂಬಿಗೆ ಕತ್ತಿ ಹಾಕಿಸಿಕೊಂಡೆಯಲ್ಲ! ಇದು ಸುಳ್ಳು ಕೊಂಬು," ಎಂದು ಎಲ್ಲರಿಗೂ ಕೇಳುವಂತೆ ಗುಟುರು ಹಾಕಿದ.

ಕೆಂದ ಮೆಲುಕು ನಿಲ್ಲಿಸಿ ಕೇಳಿದ: "ನಿನ್ನ ಕೊಂಬಿಗಾಗಿ ನೀನೇನು ಮಾಡಿದೆಯಪ್ಪಾ?"

"ಏನೂ ಮಾಡಿಲ್ಲ! ಅದೇ ಅದರ ಹೆಚ್ಚುಗಾರಿಕೆ."

"ನಾನು ಹಗ್ಗದಲ್ಲಿ ಬಿದ್ದು, ನೋವು ತಿಂದು ಪಡೆದೆ. ಅದರಿಂದ ನಿನ್ನ ಕೊಂಬೇನೂ ಒಂದು ಚೂರು ಸವೆಯಲಿಲ್ಲವಲ್ಲ. ಮತ್ತೆ ನಿನಗೇಕೆ ಸಂಕಟ?"

ಇಷ್ಟು ದಿನ ತಾನು ಚೆಂದ ಕಂಡದ್ದು ಪಕ್ಕದಲ್ಲಿ ಗಂಟು ಕೊಂಬಿನ ಕೆಂದ ನಿಂತಿದ್ದಕ್ಕೆ ಎಂಬ ಉತ್ತರ ಮಲ್ಲಿಗನ ಗಂಟಲವರೆಗೂ ಬಂತು. ಅದನ್ನು ಮೆಲುಕಿನ ಜೊತೆ ಒಳಕ್ಕೆ ನುಂಗಿಕೊಂಡ.

ಸಂಜೆ ಇಬ್ಬರೂ ತೊಟ್ಟಿಗೆ ಬಾಗಿದರು. ನೀರಲ್ಲಿ ನಾಲ್ಕು ಕೊಂಬು ಕಂಡವು. ಮಲ್ಲಿಗನ ಕಣ್ಣು ತನ್ನವನ್ನು ಬಿಟ್ಟು ಪಕ್ಕದವನ ಕೊಂಬಿನ ಮೇಲೆಯೇ ನೆಟ್ಟಿತ್ತು. ಕೆಂದ ಹೊಟ್ಟೆ ತುಂಬ ನೀರು ಕುಡಿದು ಹೊರಟುಹೋದ. ಮಲ್ಲಿಗ ಬಾಯಾರಿಕೊಂಡೇ ನಿಂತಿದ್ದ.