ಮೂಲೆ ಇಲ್ಲದ ಸ್ಟೀಕ್

ಸ್ಟೀಕ್ ಹೌಸ್ ಕಟ್ಟಿದ ಲೋಬೋ ಸಾಹೇಬರನ್ನು ನೆನೆದರೆ ಅಡುಗೆಯ ಚೌರಪ್ಪನಿಗೆ ಇವತ್ತಿಗೂ ನಗು ಉಕ್ಕುತ್ತದೆ. ಅಬ್ಬಾ, ಅವರ ಹಟವೇ! ‘ರುಚಿ ನೋಡದೆ ಒಂದು ತಟ್ಟೆಯೂ ಅಡುಗೆಮನೆ ದಾಟಬಾರದು!’ ಪ್ರತಿ ಸ್ಟೀಕಿನ, ಅಂದರೆ ಸುಟ್ಟ ದಪ್ಪ ಮಾಂಸದ ತುಂಡಿನ, ಮೂಲೆ ಕತ್ತರಿಸಿ ತಾವೇ ಬಾಯಿಗೆ ಹಾಕಿಕೊಳ್ಳುವರು. ‘ಇದೇನು, ಎಂಜಲಾ?’ ಎಂದು ಗಿರಾಕಿಗಳು ರೇಗಿದರೆ ಬೈಸಿಕೊಳ್ಳುವವನು ಚೌರಪ್ಪ.

ಒಂದು ಮಧ್ಯಾಹ್ನ ಸಾಹೇಬರೇ ಬೀಗರ ಜೊತೆ ಊಟಕ್ಕೆ ಕೂತರು. ಚೌರಪ್ಪ ಅಂದುಕೊಂಡ: ಇದೇ ಸಮಯ! ಹೊಗೆಯಾಡುವ ಸ್ಟೀಕ್ ತಂದಿಟ್ಟ. ಸಾಹೇಬರ ಸ್ಟೀಕಿಗೆ ಒಂದು ಮೂಲೆಯೇ ಇಲ್ಲ!

‘ಯಾವನೋ ಇದನ್ನ ತಿಂದಿದ್ದು?’

‘ನಾನೇ ಸಾರ್. ರುಚಿ ನೋಡದೆ ತಟ್ಟೆ ದಾಟಬಾರದು ಅಂತ ನೀವೇ ಹೇಳಿದ್ದು. ನೀವು ಇಲ್ಲಿ ಕೂತಿದ್ರಿ, ಒಳಗಿದ್ದವನು ನಾನೊಬ್ಬನೇ.’

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರು ಮುಖ ಕೆಂಪಗೆ ಮಾಡಿಕೊಂಡು ಕೇಳಿದರು:

‘ರುಚಿ ಹೇಗಿತ್ತು, ಅದನ್ನಾದರೂ ಹೇಳು!’

‘ಆ ಮೂಲೆ ಬಲು ಚೆನ್ನಾಗಿತ್ತು ಸಾರ್. ಉಳಿದದ್ದು ಹೇಗಿದೆ ಅಂತ ಇವತ್ತು ಮೊದಲ ಸಲ ನೀವು ನೋಡಿ.’